ಸೈಲೆನ್ಸರ್ ಮಿಸ್ತ್ರಿಯ ಹೊಟ್ಟೆಕಿಚ್ಚು

ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೂ ನನ್ನನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಹೆಚ್ಚಿನವರು ಈಗಷ್ಟೇ ಗ್ಯಾರೇಜ್ ಕೆಲಸಕ್ಕೆ ಇಳಿದವರು. ಸಿಂದಗಿ ಬಸ್ ನಿಲ್ದಾಣದಲ್ಲಿ ಇಳಿದು ಸೈಲೆನ್ಸರ್ ರೇವಣ್ಣನ ಮನೆ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಬಂದವರು ನೀರು ಕುಡಿದು, ಮೊಬೈಲ್ ತೆಗೆದು, ಯಾವುದೋ ದೇಶದ ಕಾರು ಗುಡುಗುವುದನ್ನು ನನಗೆ ಕೇಳಿಸುತ್ತಾರೆ. ಹಳೆಯ ಸಣ್ಣ ಕಾರಿಗೆ ಕಡಿಮೆ ಖರ್ಚಿನಲ್ಲಿ ಇಂಥ ದನಿ ಬರಿಸುವುದು ಹೇಗೆ ಎಂದು ಕೇಳುತ್ತಾರೆ. ನಾನು ಮೊದಲು ಮೊಬೈಲನ್ನು ಜೇಬಿಗೆ ಹಾಕಿಸುತ್ತೇನೆ.

ಹೇಳುವುದು ಇಷ್ಟೇ. ಕಾರಿನ ಕೆಳಗೆ ಮಲಗಿ ಮೊದಲು ಸೋರಿಕೆ ಹುಡುಕಿ. ಎಂಜಿನ್‌ನಿಂದ ಪೈಪ್ ಹೊರಡುವ ಕಡೆ ಪ್ಯಾಕಿಂಗ್ ಸುಟ್ಟಿರುತ್ತದೆ, ಅದನ್ನು ಬದಲಿಸಿ. ಪೈಪನ್ನು ತೂಗುಹಾಕಿರುವ ರಬ್ಬರು ಹರಿದಿರುತ್ತದೆ, ಅದನ್ನೂ ಬದಲಿಸಿ. ಮೇಲಿನ ತಗಡು ಸಡಿಲವಾಗಿ ಗಲಗಲ ಎನ್ನುತ್ತಿದ್ದರೆ ಬಿಗಿಯಿರಿ. ಇಷ್ಟು ಮಾಡಿದರೆ ಅರ್ಧದಷ್ಟು ಕಾರುಗಳು ಮತ್ತೇನೂ ಬೇಡದೆ ಚೆನ್ನಾಗಿ ಮಾತಾಡುತ್ತವೆ. ಉಳಿದರ್ಧಕ್ಕೆ ಕಿವಿ ಬೇಕು. ಕಿವಿಯ ಮಾತು ಬಂದರೆ ಇಂಡಿ ಊರಿನ ಚನ್ನಬಸುವಿನ ಹೆಸರು ಎತ್ತಲೇಬೇಕು. ಆ ಹೆಸರು ಎತ್ತುವುದು ನನಗೆ ಇವತ್ತಿಗೂ ಸುಖದ ಕೆಲಸವಲ್ಲ. ಆದರೂ ಈ ವೃತ್ತಿ ನಿಜವಾಗಿ ಹೇಗಿತ್ತು ಎಂದು ಬರೆಯಲು ಕೂತವನು ಅವನನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ.

ನಾವಿಬ್ಬರೂ ಮುದ್ದೇಬಿಹಾಳದ ಗುರಪ್ಪ ಮಿಸ್ತ್ರಿಯವರ ಹತ್ತಿರ ಕೆಲಸ ಕಲಿತವರು. ಆಗ ಕಾರ್ಬೈಡ್ ಡ್ರಮ್ಮಿನ ಗ್ಯಾಸ್ ವೆಲ್ಡಿಂಗ್. ಡ್ರಮ್ಮಿನ ವಾಸನೆ ಅಂಗಿಗೆ ಹತ್ತಿ, ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಗುರಪ್ಪ ಮಿಸ್ತ್ರಿ ಕಡಿಮೆ ಮಾತಿನವರು, ತಪ್ಪಾದರೆ ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾವನ್ನು ನಮ್ಮ ಕಾಲ ಬಳಿ ಎಸೆಯುವವರು. ಅವರದೊಂದು ಪದ್ಧತಿ ಇತ್ತು. ಗಾಡಿಗೆ ಬೆನ್ನು ಮಾಡಿ ನಮ್ಮಿಬ್ಬರನ್ನು ಕೂರಿಸಿ, ತಾವು ಪಾನಾದಿಂದ ಸೈಲೆನ್ಸರ್ ಡಬ್ಬಿಯನ್ನು ಬಡಿಯುತ್ತಿದ್ದರು. ಡಬ್ಬಿಯ ಒಳಗೆ ಅಡ್ಡ ತಗಡು ಹಾಕಿ ಮಾಡಿದ ಖಾನೆಗಳಿರುತ್ತವೆ. ಯಾವ ಖಾನೆಯ ತಗಡು ತುಕ್ಕು ತಿಂದು ಬಿದ್ದಿದೆ ಎಂದು ನಾವು ಕೇಳಿ ಹೇಳಬೇಕು. ಚನ್ನಬಸು ಕೂತಲ್ಲೇ ತಲೆ ತುಸು ವಾಲಿಸಿ ಎರಡನೆಯದು ಹೋಗಿದೆ ಎನ್ನುತ್ತಿದ್ದ. ನಾನು ಮೂರನೆಯದು ಎನ್ನುತ್ತಿದ್ದೆ, ಏಕೆಂದರೆ ಅವನು ಎರಡನೆಯದು ಎಂದಿರುತ್ತಿದ್ದ. ಮಿಸ್ತ್ರಿ ಕೊಯ್ದು ನೋಡಿದರೆ ಎರಡನೆಯದೇ ಹೋಗಿರುತ್ತಿತ್ತು.

ಆದರೆ ವೆಲ್ಡಿಂಗ್ ಮಾತ್ರ ನನ್ನದು. ಅವನು ಹಾಕಿದ ವೆಲ್ಡಿಂಗ್ ಸಂಡಿಗೆ ಒಣಹಾಕಿದಂತೆ ಗಡ್ಡೆಗಡ್ಡೆಯಾಗಿ ಬೀಳುತ್ತಿತ್ತು. ನಾನು ಹಾಕಿದರೆ ನಾಣ್ಯಗಳನ್ನು ಸಾಲಾಗಿ ಒರಗಿಸಿಟ್ಟಂತೆ, ಒಂದರ ಮೇಲೊಂದು, ಎಲ್ಲೂ ತಪ್ಪದೆ. ಗುರಪ್ಪ ಮಿಸ್ತ್ರಿ ಗಿರಾಕಿಗಳನ್ನು ಕರೆದು ನನ್ನ ವೆಲ್ಡಿಂಗ್ ತೋರಿಸುತ್ತಿದ್ದರು. ನಾನು ಉಬ್ಬಿ ನಿಂತಿರುತ್ತಿದ್ದೆ. ಒಂದು ದಿನ ಹಾಗೆ ತೋರಿಸಿ, ಗಿರಾಕಿ ಹೋದ ಮೇಲೆ, ಬೀಡಿ ಹಚ್ಚಿಕೊಂಡು ಅಂದರು:

"ರೇವಣ್ಯಾನ ಕೈ ಭಾಳ ಚಲೋ ಐತಿ. ಆದ್ರ ಗಿರಾಕಿ ಗಾಡಿ ಕೆಳಗ ಮಲಗಿ ವೆಲ್ಡಿಂಗ್ ನೋಡಂಗಿಲ್ಲ, ಒಳಗ ಕೂತು ಕೇಳ್ತಾನ. ಚನ್ನಬಸುಗ ಕಿವಿ ಐತಿ."

ಅವರು ಯಾರನ್ನೂ ನೋಯಿಸಲು ಆಡಿದ ಮಾತಲ್ಲ. ಆದರೆ ಅಂದು ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಆರಲಿಲ್ಲ. ಕೈ ದುಡಿದು ಗಳಿಸಿದ್ದು, ಕಿವಿ ಹುಟ್ಟಿನಿಂದಲೇ ಬಂದದ್ದು. ದುಡಿದದ್ದಕ್ಕಿಂತ ಪುಕ್ಕಟೆ ಬಂದದ್ದಕ್ಕೆ ಬೆಲೆ ಹೆಚ್ಚೆಂದರೆ ಯಾರಿಗೆ ತಡೆಯುತ್ತದೆ.

ಮುಂದೆ ಅವನು ತನ್ನೂರು ಇಂಡಿಯಲ್ಲಿ ಅಂಗಡಿ ಹಾಕಿದ, ನಾನು ಸಿಂದಗಿಯಲ್ಲಿ. ನಡುವೆ ಸಾಕಷ್ಟು ದೂರವಿದೆ, ಇನ್ನು ಅವನ ಕಾಟವಿಲ್ಲ ಎಂದುಕೊಂಡೆ. ಆದರೆ ಸೈಲೆನ್ಸರ್ ಅಂಗಡಿಗೆ ಬರುವವರಿಗೆ ಕಾರು ಇರುತ್ತದೆ, ಕಾರಿದ್ದವನಿಗೆ ಇಂಡಿ ಏನು ದೂರ. ನನ್ನ ಅಂಗಡಿಯ ಬಾಗಿಲಲ್ಲಿ ನಿಂತೇ ಜನ ಚನ್ನಬಸುವಿನ ಕೆಲಸ ಹೊಗಳುತ್ತಿದ್ದರು. ಗಟ್ಟಿ ಕೆಲಸ ಬೇಕಾದರೆ ಸಿಂದಗಿ, ದನಿ ಬೇಕಾದರೆ ಇಂಡಿ ಎಂದು ಡ್ರೈವರುಗಳು ಮಾತಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ನಾನು ಅವನ ತಪ್ಪುಗಳನ್ನೇ ಎಣಿಸುತ್ತಿದ್ದೆ. ನನ್ನ ಹೆಂಡತಿ ಕಸ್ತೂರಿ ಒಂದು ದಿನ ರೊಟ್ಟಿ ಹಾಕುತ್ತಾ, ಅವನಿಗೂ ಒಂದು ತಾಟು ಇಟ್ಟುಬಿಡಲಾ, ಹೇಗೂ ದಿನಾ ನಿಮ್ಮ ಜೊತೆಗೇ ಉಣ್ಣಲು ಕೂರುತ್ತಾನೆ ಎಂದು ಕೇಳಿದಳು.

ಹೊಟ್ಟೆಕಿಚ್ಚಿನಿಂದ ಮಾಡಿದ ಕೆಲಸ ಹೇಗಿರುತ್ತದೆ ಎನ್ನುವುದಕ್ಕೆ ತಂತಿ ನಾರಿನ ಪ್ರಸಂಗ ಹೇಳುತ್ತೇನೆ. ದನಿ ಮೆತ್ತಗಾಗಬೇಕಾದರೆ ತೂತು ಹಾಕಿದ ಪೈಪಿನ ಸುತ್ತ ಗಾಜಿನ ನಾರು ತುಂಬಬೇಕು. ಆಗ ಅದು ನಮ್ಮಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ತುಟ್ಟಿ. ದೇವರ ಹಿಪ್ಪರಗಿಯ ಒಬ್ಬ ಕಾಳು ವ್ಯಾಪಾರಿ ಮಗನ ಮದುವೆಗೆಂದು ತನ್ನ ಹಳೆಯ ಕಾರನ್ನು ಸಿಂಗರಿಸುತ್ತಿದ್ದ. ಅವನ ಬೀಗರ ಕಾರಿಗೆ ಚನ್ನಬಸು ಕೆಲಸ ಮಾಡಿದ್ದಾನೆಂದೂ, ಅದು ಹೋಗುವಾಗ ಹೆಣ್ಣುಮಕ್ಕಳು ಗುನುಗಿದಂತೆ ಕೇಳುತ್ತದೆಂದೂ ಹೇಳಿದ. ಅದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಪಾತ್ರೆ ಅಂಗಡಿಗೆ ಹೋಗಿ ಪಾತ್ರೆ ತಿಕ್ಕುವ ತಂತಿ ನಾರನ್ನೆಲ್ಲ ಕಟ್ಟಿಸಿಕೊಂಡು ಬಂದೆ. ಡಬ್ಬಿಯ ತುಂಬ ಒತ್ತಿ ತುಂಬಿ, ಸುತ್ತಲೂ ಸುಂದರವಾಗಿ ವೆಲ್ಡ್ ಮಾಡಿ ಮುಚ್ಚಿದೆ.

ಮೊದಲ ವಾರ ಆ ಕಾರಿನ ದನಿ ಹೇಗಿತ್ತೆಂದರೆ ನಾನೇ ಎರಡು ಸಲ ರಸ್ತೆಗೆ ಬಂದು ನಿಂತು ಕೇಳಿದೆ. ಆದರೆ ಆ ಸಣ್ಣ ತಂತಿ ಎಷ್ಟು ದಿನ ಬೆಂಕಿ ತಡೆದೀತು. ಸುಟ್ಟು ಪುಡಿಯಾಗಿ ಡಬ್ಬಿಯಲ್ಲಿ ಕೂತಿತ್ತು. ಮದುವೆಯ ದಿನ ಮದುಮಗನನ್ನು ಇಳಿಸಿ ಡ್ರೈವರ್ ಕಾರನ್ನು ಹಿಂದೆ ತಿರುಗಿಸಿ ಒಮ್ಮೆ ಜೋರಾಗಿ ಎಕ್ಸಲರೇಟರ್ ಒತ್ತಿದ. ಹಿಂದೆ ಬಿಳಿ ಧೋತರ, ಬಿಳಿ ನೆಹರೂ ಅಂಗಿ ತೊಟ್ಟು ಬೀಗರು ಸಾಲಾಗಿ ನಿಂತಿದ್ದರು. ಆ ಪುಡಿಯೆಲ್ಲ ಪೈಪಿನಿಂದ ಹಾರಿ, ಮೊಳಕಾಲಿನಿಂದ ಕೆಳಗೆ ಎಲ್ಲರೂ ಕೆಂಪು ಕಪ್ಪಾದರು. ಆ ಧೋತರಗಳ ತುಕ್ಕಿನ ಕಲೆ ಒಗೆದರೂ ಹೋಗಲಿಲ್ಲವಂತೆ. ವ್ಯಾಪಾರಿ ನನ್ನ ಅಂಗಡಿಗೆ ಬಂದು ಬೈಯಲಿಲ್ಲ, ಒಂದು ಧೋತರವನ್ನು ತಂದು ನನ್ನ ಸ್ಟೂಲಿನ ಮೇಲೆ ಇಟ್ಟು ಹೋದ. ಚನ್ನಬಸುವಿಗೆ ಈ ಸುದ್ದಿ ಮುಟ್ಟಿದೆಯೋ ಇಲ್ಲವೋ ಎನ್ನುವುದೇ ನನಗೆ ಧೋತರಕ್ಕಿಂತ ದೊಡ್ಡ ಚಿಂತೆಯಾಗಿತ್ತು.

ಹೊಸಬರಿಗೆ ಇಲ್ಲಿ ಇನ್ನೊಂದು ಮಾತು. ಅಗ್ಗವಾಯಿತೆಂದು ಹೊಲದ ಪಂಪಿನ ಬಿಳಿ ಲೇಪದ ನೀರಿನ ಪೈಪನ್ನು ಕಾರಿಗೆ ಹಾಕಬೇಡಿ. ವೆಲ್ಡ್ ಮಾಡುವಾಗ ಆ ಸತುವಿನ ಲೇಪ ಸುಟ್ಟ ಹೊಗೆ ಕುಡಿದು ನಾನು ಒಂದು ದಿನ ಎರಡು ಕಂಬಳಿ ಹೊದ್ದು ನಡುಗಿದ್ದೇನೆ. ಗುಜರಿಯಲ್ಲಿ ಹಳೆಯ ಗಾಡಿಗಳ ಒಳ್ಳೆಯ ಪೈಪ್ ಸಿಗುತ್ತದೆ, ಆರಿಸಿ ತನ್ನಿ.

ಇನ್ನು ದನದ ಡಾಕ್ಟರ ವಿಷಯ. ಅವರು ಹಳ್ಳಿಹಳ್ಳಿಗೆ ಒಂದು ಹಳೆಯ ಜೀಪಿನಲ್ಲಿ ತಿರುಗುತ್ತಿದ್ದವರು. ಒಂದು ದಿನ ಬಂದು, ಸೈಲೆನ್ಸರ್ ಚೆನ್ನಾಗಿಯೇ ಇದೆ, ಆದರೂ ದನಿ ಬದಲಿಸಿಕೊಡಬೇಕು ಎಂದರು. ಕಾರಣ ಕೇಳಿದರೆ, ಜೀಪಿನ ದನಿ ಎಮ್ಮೆಗಳಿಗೆ ಗುರುತಾಗಿಬಿಟ್ಟಿದೆ, ಊರ ಹೊರಗೆ ಕೇಳಿಸಿದರೆ ಸಾಕು ಸೂಜಿ ನೆನಪಾಗಿ ಗೂಟ ಕಿತ್ತು ಓಡುತ್ತವೆ ಎಂದರು. ಬೇಡಿಕೆ ವಿಚಿತ್ರವಾದರೂ ಕೆಲಸ ನನಗೆ ಹಿಡಿಸಿತು. ಪೈಪಿನ ಬಾಯಿ ಬದಲಿಸಿ ದಪ್ಪ ದನಿ ಕೊಟ್ಟೆ. ಡಾಕ್ಟರು ಖುಷಿಯಿಂದ ಹೋದರು. ನಾಲ್ಕು ತಿಂಗಳಿಗೆ ಎಮ್ಮೆಗಳು ಆ ದನಿಯನ್ನೂ ಕಲಿತವು. ಮತ್ತೆ ಬದಲಿಸಿದೆ. ಮತ್ತೆ ಕಲಿತವು. ಹೀಗೆ ವರ್ಷಕ್ಕೆ ಮೂರು ಸಲ ಬರುವ ಖಾಯಂ ಗಿರಾಕಿ ಸಿಕ್ಕ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ ಡಾಕ್ಟರು ಬರುವುದು ನಿಂತಿತು.

ಸಂತೆಯಲ್ಲಿ ಸಿಕ್ಕಾಗ ಕೇಳಿದೆ. ಇಂಡಿ ಕಡೆ ಹೋದಾಗ ಚನ್ನಬಸುವಿಗೆ ಜೀಪು ತೋರಿಸಿದರಂತೆ. ಅವನು ಪಾನಾ ಕೂಡ ಎತ್ತಲಿಲ್ಲವಂತೆ. ಜೀಪನ್ನು ಊರಿಗೆ ಒಂದು ಹೊಲ ಈಚೆಗೆ, ದನಿ ಮುಟ್ಟದ ಕಡೆ ನಿಲ್ಲಿಸಿ ನಡೆದುಕೊಂಡು ಹೋಗಿರಿ ಎಂದನಂತೆ. ಡಾಕ್ಟರು ಹೇಳಿ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕಂತೆ ಮಾಡಿದೆ. ಆ ಸಂತೆಯಲ್ಲಿ ಏನು ಕೊಂಡು ತಂದೆನೋ ನನಗೆ ನೆನಪಿಲ್ಲ, ಕಸ್ತೂರಿ ಹೇಳಿದ್ದನ್ನಂತೂ ತರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಸವನ ಬಾಗೇವಾಡಿಯಲ್ಲಿ ಶಾಂತಾ ಟೀಚರ್ ಎಂಬುವವರಿದ್ದರು. ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ತಾವೇ ಕಾರು ನಡೆಸಿಕೊಂಡು ದಿನಾ ಹೋಗಿ ಬರುತ್ತಿದ್ದರು. ಅವರ ಹಳೆಯ ಕಾರಿಗೆ ಒಂದು ರೋಗವಿತ್ತು. ಅರವತ್ತರ ವೇಗ ಮುಟ್ಟಿದೊಡನೆ ಒಳಗೆ ಹೂಂ ಎಂಬ ಗುಂಯ್ಗುಡುವಿಕೆ ತುಂಬಿಕೊಳ್ಳುತ್ತಿತ್ತು. ಎಪ್ಪತ್ತಾದರೆ ಇಲ್ಲ, ಐವತ್ತಾದರೆ ಇಲ್ಲ. ಶಾಲೆ ಮುಟ್ಟುವಷ್ಟರಲ್ಲಿ ಅವರಿಗೆ ತಲೆನೋವು ಹತ್ತುತ್ತಿತ್ತು, ಎಲ್ಲಾದರೂ ಕರೆದೊಯ್ದರೆ ಹಿಂದೆ ಕೂತ ಅವರ ತಾಯಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಅವರು ಮೊದಲು ಬಂದದ್ದು ನನ್ನ ಹತ್ತಿರವೇ. ನಾನು ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಎಂಜಿನ್ ಏರಿಸಿ ಇಳಿಸಿ, ಕಂಪನಿಯ ಹೊಸ ಡಬ್ಬಿ ಹಾಕಿದೆ. ಶೆಡ್ಡಿನಲ್ಲಿ ಬಂಗಾರದಂಥ ದನಿ. ಟೀಚರ್ ರಸ್ತೆಗೆ ಇಳಿಸಿದರೆ ಅದೇ ಹೂಂ. ಎರಡನೆಯ ಸಲ ಬಂದರು, ಮತ್ತೆ ಅದೇ. ನಾನು ಮಾಡುತ್ತಿದ್ದ ತಪ್ಪು ಎಷ್ಟು ಸಣ್ಣದೆಂದರೆ ಹೇಳಲು ನಾಚಿಕೆಯಾಗುತ್ತದೆ. ಆ ರೋಗ ಓಡುವ ಕಾರಿನದು, ನಾನು ನಿಂತ ಕಾರಿಗೆ ಔಷಧ ಮಾಡುತ್ತಿದ್ದೆ. ಅದೂ ಸುತ್ತ ತಗಡು ಹೊಡೆದ ಶೆಡ್ಡಿನಲ್ಲಿ. ಅಲ್ಲಿ ಕೇಳುತ್ತಿದ್ದುದರಲ್ಲಿ ಕಾರಿನ ದನಿ ಎಷ್ಟು, ತಗಡಿನ ದನಿ ಎಷ್ಟು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಗಿರಾಕಿಯ ಕಾರಿನಲ್ಲಿ ಕೂತು ರಸ್ತೆಗೆ ಹೋಗುವುದು ಮಿಸ್ತ್ರಿಯ ಮರ್ಯಾದೆಗೆ ಕಡಿಮೆ ಎಂಬ ಭಾವನೆ ನನಗಿತ್ತು. ಮೂರನೆಯ ಸಲ ಟೀಚರ್ ನನ್ನ ಹತ್ತಿರ ಬರಲಿಲ್ಲ, ಇಂಡಿಗೆ ಹೋದರು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಅವರ ಕಾರು ನನ್ನ ಅಂಗಡಿ ಮುಂದೆ ಬಂದು ನಿಂತಿತು. ಸಿಂದಗಿಯಲ್ಲಿ ಅವರ ತಂಗಿಯ ಮನೆಯಲ್ಲಿ ಸೀಮಂತವಿತ್ತು. ದಾರಿಯಲ್ಲಿ ಪೈಪಿನ ರಬ್ಬರ್ ಹರಿದು ಜೋತುಬಿದ್ದಿತ್ತು. ಅದನ್ನಷ್ಟೇ ಹಾಕಿಕೊಡಿ ಎಂದರು. ನಾನು ಸುಮ್ಮನೆ ಹಾಕಿಕೊಡಬೇಕಿತ್ತು. ಬಾಯಿ ತಡೆಯದೆ, ಆ ಹೂಂ ದನಿ ಏನಾಯಿತು ಎಂದು ಕೇಳಿದೆ.

"ಅದು ಹೋಗೇಬಿಟ್ತ್ರಿ. ಚನ್ನಬಸು ಅಣ್ಣಾರು ಹಿಂದಿನ ಸೀಟಿನ್ಯಾಗ ಕೂತು, ನನ್ನ ಕೈಲೆ ಇಂಡಿಯಿಂದ ಸಾಲೋಟಗಿ ತನಕ ಎರಡು ಸಲ ಗಾಡಿ ಹೊಡಿಸಿದ್ರು. ಈಗ ನಮ್ಮವ್ವ ಹಿಂದ ಕೂತು ನಿದ್ದಿ ಮಾಡ್ತಾಳ್ರಿ," ಎಂದರು.

ಹಿಂದಿನ ಸೀಟಿನಲ್ಲಿ ಕೂತದ್ದೆಲ್ಲ ನಾಟಕ, ಗುಟ್ಟು ಡಬ್ಬಿಯೊಳಗೆ ಇರಬೇಕು ಎಂದು ನನ್ನ ಮನಸ್ಸು ಹೇಳಿತು. ಕೆಲಸಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ನೀವು ಸೀಮಂತ ಮುಗಿಸಿ ಬನ್ನಿ ಎಂದು ಟೀಚರನ್ನು ಕಳಿಸಿದೆ. ರಬ್ಬರ್ ಹಾಕಲು ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಆಮೇಲೆ ಬಾಗಿಲು ಅರ್ಧ ಎಳೆದುಕೊಂಡು, ಸೈಲೆನ್ಸರನ್ನು ಪೂರ್ತಿ ಇಳಿಸಿ, ಗ್ರೈಂಡರ್ ಹಿಡಿದು ಡಬ್ಬಿಯನ್ನು ಕೊಯ್ದೆ. ಗಿರಾಕಿ ಹೇಳದ ಕೆಲಸವನ್ನು ಕದ್ದು ಮಾಡಿದ್ದು ನನ್ನ ಇಡೀ ವೃತ್ತಿಯಲ್ಲಿ ಅದೊಂದೇ ಸಲ.

ಒಳಗೆ ಏನೂ ಇರಲಿಲ್ಲ. ನಾನೇ ಹಾಕಿದ್ದ ಕಂಪನಿ ಡಬ್ಬಿಯ ಖಾನೆಗಳು ಹಾಗೆಯೇ ಇದ್ದವು. ಅವನು ಡಬ್ಬಿಯನ್ನು ಮುಟ್ಟಿಯೇ ಇರಲಿಲ್ಲ. ನಾನು ಬೆಪ್ಪಾಗಿ ಕೂತೆ. ಡಬ್ಬಿಯ ಮುಂದೆ, ಪೈಪಿಗೆ ಆತುಕೊಂಡು, ಸುಮಾರು ಎರಡು ಮೊಳ ಉದ್ದದ ಇನ್ನೊಂದು ಪೈಪನ್ನು ಅವನು ಜೋಡಿಸಿದ್ದ. ಅದರ ಒಂದು ತುದಿ ಮುಖ್ಯ ಪೈಪಿಗೆ ಕೂಡಿತ್ತು, ಇನ್ನೊಂದು ತುದಿಗೆ ದುಂಡು ತಗಡಿನ ಬಿಲ್ಲೆ ಹಚ್ಚಿ ಬಾಯಿ ಮುಚ್ಚಿದ್ದ. ಮುರಿದ ಕಾಲಿಗೆ ದಬ್ಬೆ ಕಟ್ಟಿದಂತೆ, ಪೈಪ್ ಸವೆದಿದೆ ಎಂದು ಆಸರೆಗೆ ಹಾಕಿದ್ದಾನೆ ಎಂದುಕೊಂಡೆ. ಆದರೆ ಮುಖ್ಯ ಪೈಪ್ ಗಟ್ಟಿಮುಟ್ಟಾಗಿತ್ತು. ವೆಲ್ಡಿಂಗೋ ಎಂದಿನಂತೆ ಸಂಡಿಗೆ. ಈ ಅಸಹ್ಯ ಭಾರ ಯಾಕೆ ಎಂದು ಅದನ್ನು ಕತ್ತರಿಸಿ ಗುಜರಿ ಮೂಲೆಗೆ ಎಸೆದೆ. ತೂತಿಗೆ ತೇಪೆ ಹಾಕಿದೆ. ಡಬ್ಬಿಯನ್ನು ಮುಚ್ಚಿದೆ.

ಮುಚ್ಚುವಾಗ ಒಂದು ಕ್ಷಣ ಬುದ್ಧಿ ಬಂದಿತ್ತು. ಅವನದರಂತೆ ಗಡ್ಡೆಗಡ್ಡೆಯಾಗಿ ವೆಲ್ಡ್ ಮಾಡಿದರೆ ಯಾರಿಗೂ ಗೊತ್ತಾಗದು ಎಂದು. ಕೈ ಒಪ್ಪಲಿಲ್ಲ. ಚನ್ನಬಸುವಿನ ಕೆಲಸದ ಮೇಲೆ ನನ್ನ ಕೈ ಬೀಳುತ್ತಿದ್ದುದು ಅದೇ ಮೊದಲು. ನನ್ನ ಜೀವಮಾನದಲ್ಲಿ ಅಷ್ಟು ನಯವಾದ ವೆಲ್ಡಿಂಗ್ ನಾನು ಮತ್ತೆ ಹಾಕಿಲ್ಲ. ಮುಗಿಸಿ ಮೇಲೆ ಕಪ್ಪು ಬಣ್ಣ ಬಳಿದೆ.

ನಾಲ್ಕು ದಿನಕ್ಕೆ ಟೀಚರ್ ಫೋನ್ ಮಾಡಿದರು. ಹೂಂ ದನಿ ತಿರುಗಿ ಬಂದಿದೆ, ತಾಯಿಯವರು ಕಾರು ಹತ್ತುವುದಿಲ್ಲ ಎನ್ನುತ್ತಿದ್ದಾರೆ ಎಂದರು. ನಾನು ರಬ್ಬರ್ ಹಾಕಿದ್ದಷ್ಟೇ ಎಂದು ಸುಳ್ಳು ಹೇಳಿದೆ. ಅವರು ಇಂಡಿಗೆ ಹೋದರು. ಆ ವಾರವೆಲ್ಲ ನಾನು ಅಂಗಡಿಯಲ್ಲಿ ಯಾವ ಗಾಡಿ ನಿಂತರೂ ಬೆಚ್ಚುತ್ತಿದ್ದೆ. ಚನ್ನಬಸು ಟೀಚರಿಗೆ ನಿಜ ಹೇಳಿದರೆ ನಾಲ್ಕು ತಾಲೂಕಿನಲ್ಲಿ ನನ್ನ ಹೆಸರು ಮಣ್ಣುಪಾಲು. ಗಿರಾಕಿಯ ಗಾಡಿಯನ್ನು ಕದ್ದು ಕೊಯ್ದ ಮಿಸ್ತ್ರಿಯ ಅಂಗಡಿಗೆ ಯಾರು ಬರುತ್ತಾರೆ. ಕೊನೆಗೆ ಟೀಚರೇ ಫೋನ್ ಮಾಡಿ ಹೇಳಿದರು. ಕಲ್ಲು ಬಡಿದು ಒಂದು ಪೈಪ್ ಕಳಚಿ ಬಿದ್ದಿತ್ತು ಎಂದು ಚನ್ನಬಸು ಅಣ್ಣ ಹೇಳಿದರಂತೆ, ಹೊಸದು ಹಾಕಿದ ಮೇಲೆ ಎಲ್ಲ ಸರಿಹೋಯಿತಂತೆ.

ನನಗೆ ಆದ ಖುಷಿ ಎರಡು ಬಗೆಯದು. ಒಂದು, ಬಚಾವಾದೆ. ಇನ್ನೊಂದು, ಅಷ್ಟು ದೊಡ್ಡ ಕಿವಿಯವನಿಗೆ ಕಣ್ಣಿಲ್ಲ, ಕೊಯ್ದದ್ದನ್ನು ಕಲ್ಲು ಬಡಿದದ್ದು ಎಂದುಕೊಂಡ. ಫೋನ್ ಇಟ್ಟು ಗುಜರಿ ಮೂಲೆಗೆ ಹೋಗಿ ಆ ಪೈಪನ್ನು ಎತ್ತಿಕೊಂಡೆ. ಗುಟ್ಟು ಇದ್ದದ್ದು ಅದರಲ್ಲೇ ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಹೊಗೆ ಹೊರಗೆ ಹೋಗದ, ಬಾಯಿ ಮುಚ್ಚಿದ ಪೈಪ್ ಅದು. ದನಿ ಅದರೊಳಗೆ ಹೋಗಿ, ಬಿಲ್ಲೆಗೆ ಬಡಿದು ತಿರುಗಿ ಬರುತ್ತದೆ. ಉದ್ದ ಸರಿಯಾಗಿದ್ದರೆ ಆ ಒಂದು ಹೂಂ ಅನ್ನು ಮಾತ್ರ ಕೊಂದುಹಾಕುತ್ತದೆ, ಉಳಿದ ದನಿಯನ್ನು ಮುಟ್ಟುವುದಿಲ್ಲ. ಗುಜರಿಯ ಪೈಪ್ ತುಂಡು, ಒಂದು ಬಿಲ್ಲೆ, ಅಷ್ಟೇ ಖರ್ಚು. ಅದನ್ನು ಕೈಯಲ್ಲಿ ಹಿಡಿದು ನಾನು ಎಷ್ಟೋ ಹೊತ್ತು ನಿಂತಿದ್ದೆ. ಇಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆಯಲಿಲ್ಲ ಎಂದು ಅಳು ಬಂತು.

ಆಮೇಲೆ ನಾನೂ ಅದನ್ನೇ ಮಾಡತೊಡಗಿದೆ. ನಾಚಿಕೆ ಬಿಟ್ಟು ಗಿರಾಕಿಯ ಹಿಂದಿನ ಸೀಟಿನಲ್ಲೂ ಕೂತೆ. ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ, ಬೇಕಾದವರು ಕಲಿಯಿರಿ. ಯಾವ ವೇಗದಲ್ಲಿ ಗುಂಯ್ ಎನ್ನುತ್ತದೆ ಎಂದು ಮೊದಲು ರಸ್ತೆಯಲ್ಲಿ ಕೂತು ಕೇಳಿ. ದಪ್ಪ ದನಿಗೆ ಉದ್ದ ಪೈಪ್ ಬೇಕು, ಸಣ್ಣ ದನಿಗೆ ಗಿಡ್ಡ ಸಾಕು. ಮೊದಲು ಉದ್ದವಾಗಿಯೇ ಇಡಿ, ಬಿಲ್ಲೆಯನ್ನು ಒಂದೆರಡು ಟಾಕಿ, ಅಂದರೆ ಚುಕ್ಕೆ ವೆಲ್ಡಿಂಗ್, ಹಾಕಿ ನಿಲ್ಲಿಸಿ, ಸಂದನ್ನು ಶಾಖ ತಡೆಯುವ ಪೇಸ್ಟಿನಿಂದ ಮುಚ್ಚಿ ಓಡಿಸಿ ನೋಡಿ. ಆಮೇಲೆ ಎರಡೆರಡು ಬೆರಳಷ್ಟು ಪೈಪ್ ಕತ್ತರಿಸಿ, ಪ್ರತಿ ಸಲವೂ ಓಡಿಸಿ ಕೇಳುತ್ತಾ ಬನ್ನಿ. ದನಿ ಸತ್ತ ಕಡೆ ನಿಲ್ಲಿಸಿ ಪೂರ್ತಿ ವೆಲ್ಡ್ ಮಾಡಿ. ಹೊಗೆ ಸೋರಿ ಕಾರಿನೊಳಗೆ ಹೋಗದಂತೆ ಎಲ್ಲ ಜೋಡಣೆಯನ್ನೂ ಸಾಬೂನು ನೀರು ಹಚ್ಚಿ ಪರೀಕ್ಷಿಸಿ. ಈಗಿನ ಕಾರುಗಳಲ್ಲಿ ಎಂಜಿನ್ ಹತ್ತಿರ ಇರುವ, ಹೊಗೆ ಶುದ್ಧ ಮಾಡುವ ಡಬ್ಬಿಯನ್ನೂ ಅದಕ್ಕೆ ಸಿಕ್ಕಿಸಿದ ತಂತಿಗಳನ್ನೂ ಮುಟ್ಟಬೇಡಿ, ಕೆಲಸವೆಲ್ಲ ಅದರ ಹಿಂದೆ. ಪಟಾಕಿ ಸಿಡಿದಂತೆ ಸದ್ದು ಬೇಕೆಂದು ಬರುವವರನ್ನು ಚಹಾ ಕುಡಿಸಿ ಕಳಿಸಿಬಿಡಿ.

ನನ್ನ ವೆಲ್ಡಿಂಗಿನಲ್ಲಿ ಆ ಪೈಪ್ ನೋಡಲೂ ಚೆನ್ನಾಗಿ ಕಾಣುತ್ತಿತ್ತು. ಡ್ರೈವರುಗಳು ಅದಕ್ಕೆ ಸಿಂದಗಿ ಪೈಪ್ ಎಂದು ಹೆಸರಿಟ್ಟರು. ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಅದಕ್ಕಾಗಿಯೇ ಬರತೊಡಗಿದರು. ಒಮ್ಮೆ ಇಂಡಿಯಿಂದಲೇ ಒಬ್ಬ ಬಂದ. ಇದನ್ನು ಕಂಡುಹಿಡಿದವನು ನಾನಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಕಿಚ್ಚು ಇನ್ನಾದರೂ ಇಳಿದೀತು ಎಂದುಕೊಂಡಿದ್ದೆ, ಅದು ಹೆಚ್ಚಾಯಿತು. ಪ್ರತಿ ಹೊಗಳಿಕೆಯೂ ಅವನ ವಿಳಾಸದ ಕಾಗದ ತಪ್ಪಿ ನನ್ನ ಮನೆಗೆ ಬಂದಂತೆ ಅನ್ನಿಸುತ್ತಿತ್ತು. ಒಡೆದು ಓದಿದರೂ ಅದು ಅವನದೇ.

ಇನ್ನೂ ಒಂದು ಆಸೆ ನನ್ನಲ್ಲಿ ಮೊದಲಿನಿಂದ ಉಳಿದಿತ್ತು. ಎಷ್ಟು ಜನ ನನ್ನ ಕೈಯನ್ನು ಹೊಗಳಿದರೂ ಚನ್ನಬಸು ಒಂದು ದಿನವೂ ಹೊಗಳಿರಲಿಲ್ಲ. ಗುರಪ್ಪ ಮಿಸ್ತ್ರಿ ಗಿರಾಕಿಗಳಿಗೆ ತೋರಿಸುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಅವನ ಬಾಯಿಂದ ಒಮ್ಮೆ, ಒಂದೇ ಒಂದು ಸಲ, ರೇವಣ್ಣ ಚೆನ್ನಾಗಿ ಮಾಡುತ್ತಾನೆ ಎಂದು ಕೇಳಿದರೆ ಲೆಕ್ಕ ಚುಕ್ತಾ ಎಂದುಕೊಳ್ಳುತ್ತಿದ್ದೆ. ಇಬ್ಬರೂ ಮುದುಕರಾದೆವು, ಆ ಮಾತು ಬರಲಿಲ್ಲ.

ಹೋದ ವರ್ಷ ಬಾಗೇವಾಡಿಯಲ್ಲಿ ಗ್ಯಾರೇಜ್ ಕೆಲಸಗಾರರೆಲ್ಲ ಸೇರಿ ಹಿರಿಯ ಮಿಸ್ತ್ರಿಗಳಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟುಕೊಂಡರು. ನನ್ನನ್ನೂ ಚನ್ನಬಸುವನ್ನೂ ಒಂದೇ ವೇದಿಕೆಯ ಮೇಲೆ ಪಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅವನ ಮೊಳಕಾಲಿಗೆ ಆಪರೇಷನ್ ಆಗಿತ್ತು, ಕೋಲು ಹಿಡಿದು ಬಂದಿದ್ದ. ನಿರೂಪಣೆ ಮಾಡುತ್ತಿದ್ದವರು ಅವನನ್ನು ಇಂಡಿಯ ಹಿರಿಯ ಮಿಸ್ತ್ರಿ ಎಂದಷ್ಟೇ ಕರೆದರು. ನನ್ನ ಸರದಿ ಬಂದಾಗ, ಸಿಂದಗಿ ಪೈಪ್ ಕಂಡುಹಿಡಿದು ನಮ್ಮ ನಾಲ್ಕು ತಾಲೂಕಿನ ಹೆಸರು ಎತ್ತಿ ಹಿಡಿದವರು ಎಂದರು. ಚಪ್ಪಾಳೆ ಬಿತ್ತು. ಕೋಲನ್ನು ತೊಡೆಗೆ ಒರಗಿಸಿಕೊಂಡು ಚನ್ನಬಸುವೂ ಚಪ್ಪಾಳೆ ತಟ್ಟಿದ. ಮೈಕ್ ನನ್ನ ಕೈಗೆ ಬಂತು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಗುರಪ್ಪ ಮಿಸ್ತ್ರಿಯವರನ್ನು ನೆನೆದು, ಎಲ್ಲರಿಗೂ ನಮಸ್ಕಾರ ಹೇಳಿ ಕೂತುಬಿಟ್ಟೆ.

ಊಟಕ್ಕೂ ನಮ್ಮಿಬ್ಬರನ್ನು ಪಕ್ಕಪಕ್ಕದಲ್ಲೇ ಕೂರಿಸಿದರು. ಗೋಧಿ ಹುಗ್ಗಿ ಬಡಿಸಿದ್ದರು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಹುಗ್ಗಿಯನ್ನು ಬೆರಳಲ್ಲಿ ಕಲಸುತ್ತಾ ಕೂತಿದ್ದೆ.

"ಚನ್ನಬಸು, ಆ ಪೈಪ್ ನಂದಲ್ಲ," ಎಂದೆ.

"ಗೊತ್ತೈತಿ. ನೀ ಉಣ್ಣು."

"ಶಾಂತಾ ಟೀಚರ್ ಗಾಡಿಗೆ ಕಲ್ಲು ಬಡದಿದ್ದಿಲ್ಲ. ಕೊಯ್ದಾಂವ ನಾನು."

"ಅದೂ ಗೊತ್ತೈತಿ. ಕಲ್ಲು ಏನ್ ಗ್ರೈಂಡರ್ ಹಿಡ್ಕೊಂಡು ಬರ್ತೈತೇನು?"

ಹಾಗಾದರೆ ಟೀಚರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಆಕೆ ಮಾತ್ರವಲ್ಲ, ಯಾರೂ ನಿನ್ನ ಬಾಗಿಲಿಗೆ ಬರುತ್ತಿರಲಿಲ್ಲ ಎಂದ. ನನ್ನ ಕೈಯಲ್ಲಿ ಆದದ್ದು ಎಂದು ಅವನಿಗೆ ಹೇಗೆ ಗೊತ್ತಾಯಿತು ಎನ್ನುವುದು ಇನ್ನೂ ತಿಳಿಯಲಿಲ್ಲ. ಬಾಗೇವಾಡಿಯಿಂದ ಸಿಂದಗಿಯವರೆಗೆ ಎಷ್ಟು ಗ್ಯಾರೇಜ್ ಇಲ್ಲ, ಯಾರು ಬೇಕಾದರೂ ಕೊಯ್ದಿರಬಹುದಿತ್ತು. ಅದನ್ನೇ ಕೇಳಿದೆ. ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ.

"ಗಾಡಿ ಕೆಳಗ ಮಲಗಿ, ಬಣ್ಣ ಕೆರದು ನೋಡಿದೆ. ಅಂಥಾ ವೆಲ್ಡಿಂಗ್ ಹಾಕಾಂವ ಈ ನಾಕು ತಾಲೂಕಿನ್ಯಾಗ ಒಬ್ಬನ ಅದಾನ. ಡಬ್ಬಿ ಕೊಯ್ದು, ಒಳಗ ನೀ ಏನರ ಕೆಡಿಸೀಯೇನು ಅಂತ ನೋಡಬೇಕಂದೆ. ಕೊಯ್ಯಾಕ ಮನಸ್ಸ ಬರಲಿಲ್ಲ. ಅಷ್ಟು ಚಂದ ಇತ್ತು."

ಇಷ್ಟು ಹೇಳಿ, ಬಡಿಸುವವನನ್ನು ಕರೆದು ನನ್ನ ಹುಗ್ಗಿಗೆ ತುಪ್ಪ ಹಾಕಿಸಿದ.

ಆಯುಷ್ಯವಿಡೀ ಕಾದ ಮಾತು ಅವನ ಬಾಯಿಂದ ಬಂತು. ಬಂದದ್ದು ಕಳ್ಳನ ಗುರುತಾಗಿ. ನನ್ನ ಕೈ ಅಷ್ಟು ಚೆನ್ನಾಗಿ ಇಲ್ಲದಿದ್ದರೆ ನಾನು ಸಿಕ್ಕಿಬೀಳುತ್ತಲೇ ಇರಲಿಲ್ಲ. ಕೇಳಿದ ಕ್ಷಣ ಸಂತೋಷವೂ ಆಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅದರ ಹಿಂದೆಯೇ ಹಳೆಯ ಹೊಟ್ಟೆಕಿಚ್ಚು ಎದ್ದಿತು, ಈ ಸಲ ಅವನ ಕಿವಿಯ ಮೇಲಲ್ಲ. ತನ್ನ ಕೆಲಸ ಕದ್ದವನ ಕೈಯನ್ನು ಚಂದ ಎನ್ನಲು ಅವನಿಗೆ ಬಂತು. ಅವನ ಕಿವಿ ದೊಡ್ಡದು ಎಂದು ಅವನ ಎದುರಿಗೆ ಹೇಳಲು ನನಗೆ ಅವತ್ತೂ ಬಾಯಿ ಬರಲಿಲ್ಲ. ಅವನು ಊಟ ಮುಗಿಸಿ, ಕೋಲೂರಿ ಎದ್ದು, ಬರ್ತೇನಿ ಎಂದು ಇಂಡಿ ಬಸ್ಸಿಗೆ ಹೋದ.

ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ಪೈಪ್ ಸಿಂದಗಿಯದಲ್ಲ, ಇಂಡಿಯ ಚನ್ನಬಸುವಿನದು.